ನನ್ನ ಗಂಟಲು, ತಿಪ್ಪೇಶನ ಬೆರಳು

ಮೊದಲೇ ಹೇಳಿಬಿಡುತ್ತೇನೆ: ಆ ವರ್ಷದ ಈರುಳ್ಳಿ ಸುಗ್ಗಿಯಲ್ಲಿ ಅಜ್ಜಂಪುರದಲ್ಲಿ ಹರಿದ ರಕ್ತಕ್ಕೆ ಅರ್ಧ ಕಾರಣ ನನ್ನ ಗಂಟಲು. ಇನ್ನರ್ಧಕ್ಕೆ ಕಾರಣ ಒಂದು ತೂತು. ತೂತಿನ ವಿಷಯ ಆಮೇಲೆ ಬರುತ್ತದೆ. ಗಂಟಲಿನದನ್ನು ನಾನೇ ಮುಂದಾಗಿ ಹೇಳುವುದು ಒಳ್ಳೆಯದು, ಬೇರೆಯವರು ಹೇಳಿದರೆ ನನ್ನಷ್ಟು ಚೆನ್ನಾಗಿ ಹೇಳಲಾರರು.

ನೆನಪಾದದ್ದು ಮೊನ್ನೆ. ಬೀರೂರು ಜಂಕ್ಷನ್ನಿನಲ್ಲಿ ರೈಲಿಳಿದು ಅಜ್ಜಂಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಲಾರಿ ತುಂಬಾ ಮಳೆಗೆ ನೆಂದ ಈರುಳ್ಳಿ ಚೀಲ. ಅದರಾಚೆ ಗುಜರಿಯವನೊಬ್ಬ ಹಳೇ ವೈರಿನ ಗುಡ್ಡೆಗೆ ಬೆಂಕಿ ಹಾಕಿ ತಾಮ್ರ ಬಿಡಿಸುತ್ತಿದ್ದ. ಕೊಳೆಯುವ ಈರುಳ್ಳಿ, ಸುಡುವ ಪ್ಲಾಸ್ಟಿಕ್ಕು, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನ್ನ ನಾಲಿಗೆ ತಾನಾಗಿ ಮುಂದಿನ ಮುರುಕು ಹಲ್ಲನ್ನು ಸವರಿತು.

ನನ್ನ ಹೆಸರು ಗಿರೀಶ, ಊರವರು ಕರೆಯುವುದು ಗಿಣಿ. ಯಾರ ದನಿಯನ್ನಾದರೂ ಒಂದೆರಡು ಸಲ ಕೇಳಿದರೆ ಸಾಕು, ಆಮೇಲೆ ಅದನ್ನು ನನ್ನ ಬಾಯಲ್ಲೇ ಕೇಳಬಹುದು. ಕಡೂರು ಬಸ್ಸಿನ ಕಂಡಕ್ಟರು, ಪಾಠದ ಮಧ್ಯೆ ಮೂಗು ಸೀಟುವ ನಮ್ಮ ಐಟಿಐ ಮೇಷ್ಟ್ರು, ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನಿನ್ನ ಸ್ವಂತ ದನಿ ಯಾವುದೋ ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು. ಹೊಟ್ಟೆಪಾಡಿಗೆ ಓಂಕಾರಣ್ಣನ ಇಂಟರ್‌ನೆಟ್ ಆಫೀಸಿನಲ್ಲಿ ಕೆಲಸ. ಊರಿಗೆ ಕೇಬಲ್ ಟೀವಿ ತಂದವರೇ ಅವರು. ಜನ ಟೀವಿ ಬಿಟ್ಟು ಫೋನು ಹಿಡಿದ ಮೇಲೆ ಅದೇ ಕಂಬ, ಅದೇ ಹಾದಿಯಲ್ಲಿ ನೆಟ್ಟು ಬಿಟ್ಟಿದ್ದರು. 'ವಿಷಯ ಏನಪ್ಪಾ ಅಂದ್ರೆ' ಎನ್ನದೆ ಅವರು ಕುಡಿಯಲು ನೀರೂ ಕೇಳುತ್ತಿರಲಿಲ್ಲ.

ನನ್ನ ಸಾಮಾನೆಂದರೆ ಒಂದು ಹಳೇ ಲ್ಯಾಪ್‌ಟಾಪು, ಅದರೊಳಗೊಂದು ಕಪ್ಪು ಕಿಟಕಿ. ಕಮಾಂಡ್ ಪ್ರಾಂಪ್ಟ್ ಎನ್ನುತ್ತಾರೆ. ಚಿತ್ರವಿಲ್ಲ, ಬಣ್ಣವಿಲ್ಲ, ಬಿಳಿ ಅಕ್ಷರದಲ್ಲಿ ಕೇಳಬೇಕು, ಬಿಳಿ ಅಕ್ಷರದಲ್ಲೇ ಉತ್ತರ. 'ಪಿಂಗ್' ಎಂದು ಹೊಡೆದರೆ ಆ ಕಡೆಯ ಯಂತ್ರವನ್ನು 'ಏಯ್, ಇದ್ದೀಯೇನೋ?' ಎಂದು ಕೂಗಿದ ಹಾಗೆ. ಇದ್ದರೆ ಓಗೊಡುತ್ತದೆ, ಸತ್ತಿದ್ದರೆ ಸುಮ್ಮನಿರುತ್ತದೆ. 'ಟ್ರೇಸರ್ಟ್' ಎಂದರೆ ಅಜ್ಜಂಪುರದಲ್ಲಿ ಹತ್ತಿದ ಮಾತು ಬೀರೂರು ದಾಟಿತೋ, ಬೆಂಗಳೂರು ಮುಟ್ಟಿತೋ ಎಂದು ಸ್ಟಾಪು ಸ್ಟಾಪಿಗೂ ಒದರುವ ಕಂಡಕ್ಟರು. ನಾನು ಅದನ್ನು ಗಿರಾಕಿಗಳಿಗೆ ಓದಿ ಹೇಳುತ್ತಿದ್ದದ್ದೂ ಕಂಡಕ್ಟರಿನ ದನಿಯಲ್ಲೇ: "ಬೀರೂರ್, ಬೀರೂರ್, ಇಳಿಯೋರು ಮುಂದ್ ಬನ್ನಿ." ಗಿರಾಕಿಗಳು ನಗುತ್ತಿದ್ದರು, ನೆಟ್ಟು ಬಾರದಿದ್ದರೂ ಬೈಗುಳ ಕಡಿಮೆಯಾಗುತ್ತಿತ್ತು.

ಆ ಮಳೆಗಾಲಕ್ಕೆ ತರೀಕೆರೆಯ ಜಯಣ್ಣ ಎಂಬುವರು ನಮ್ಮೂರಿಗೂ ವೈರು ಎಳೆದರು. ಕಂಬಗಳು ಅವೇ, ಮನೆಗಳು ಅವೇ. ಮೊದಲು ಬಾಯಿಜಗಳವಾಯಿತು. ಆಮೇಲೆ ಓಂಕಾರಣ್ಣನ ಭಾವಮೈದುನ ಶಿವು ಕಣಕ್ಕಿಳಿದ. ಶಿವುವಿನ ಎದೆ ಬಾಗಿಲಿನಷ್ಟು ಅಗಲ, ಮೀಸೆ ಚೌಕಟ್ಟಿನಷ್ಟು. ಒಂದು ಬೆಳಿಗ್ಗೆ ಮಚ್ಚು ಹಿಡಿದು ಹೋಗಿ ಬುಕ್ಕಾಂಬುಧಿ ರಸ್ತೆಯಲ್ಲಿ ಜಯಣ್ಣನ ವೈರನ್ನು ಕಬ್ಬು ಕಡಿದ ಹಾಗೆ ಕಡಿದು ಬಂದ. ಅದೇ ವಾರ ನಮ್ಮ ಕಂಬದ ಪೆಟ್ಟಿಗೆಯೊಂದು ಕಾಣೆಯಾಗಿ, ಬುಕ್ಕಾಂಬುಧಿ ಕೆರೆಯಲ್ಲಿ ಮೀನಿನವರ ಬಲೆಗೆ ಸಿಕ್ಕಿತು. ಬಸ್ ಸ್ಟ್ಯಾಂಡಿನ ಬೇಕರಿ ಮುಂದೆ ಶಿವು ಜಯಣ್ಣನ ಆಳೊಬ್ಬನ ತಲೆಗೆ ಸೋಡಾ ಬಾಟಲಿ ಒಡೆದ. ಅವರು ಬಂದು ನಮ್ಮ ಡ್ರೈವರ್ ಮಂಜನ ಮೊಣಕಾಲಿಗೆ ಕಬ್ಬಿಣದ ರಾಡು ಇಟ್ಟರು. ಮೂಳೆ ಮುರಿದ ಸದ್ದು ರಸ್ತೆಯಾಚೆ ಟೀ ಕುಡಿಯುತ್ತಿದ್ದ ನನಗೆ ಕೇಳಿಸಿತು. ಆ ಸದ್ದನ್ನು ಮಾತ್ರ ನಾನು ಇವತ್ತಿನವರೆಗೂ ಅನುಕರಿಸಿಲ್ಲ.

ಜಯಣ್ಣನ ಕಡೆಗೆ ಅಜ್ಜಂಪುರದಲ್ಲಿ ಕಂಬ ಹತ್ತುತ್ತಿದ್ದವನು ತಿಪ್ಪೇಶ. ಕಡೂರಿನ ಐಟಿಐಯಲ್ಲಿ ನನ್ನ ಬೆಂಚಿನವನು. ಕಂಬದ ಮೇಲೆ ಅವನು ಅವರ ಆಳು, ನಾನು ಇವರ ಆಳು. ಕೆಳಗಿಳಿದರೆ ಇಬ್ಬರಿಗೂ ಒಂದೇ ತಟ್ಟೆ ಬೋಂಡ. ಅವನು ಮಾತು ಕಡಿಮೆ, ನಾನು ಇಬ್ಬರ ಪಾಲನ್ನೂ ಆಡುತ್ತಿದ್ದೆ. ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಅದರ ಸಿಪ್ಪೆ ಸುಲಿದು, ನೀಟಾಗಿ ಮುರಿದು, ತುದಿಗೆ ತುದಿ ಕೂಡಿಸಬೇಕು. ನಾನು ಕೂಡಿಸಿದ ಕಡೆ ಬೆಳಕು ಅರ್ಧ ದಾರಿಯಲ್ಲೇ ಸೋರಿಹೋಗುತ್ತಿತ್ತು. ಅವನ ಬೆರಳಿಗೆ ಅದು ಹೂವು ಕಟ್ಟಿದಷ್ಟು ಸಲೀಸು. ಮನೆಯಲ್ಲಿ ದುಡಿಯುವ ಕೈ ಅವನದೊಂದೇ. ಆ ಕೈಯಲ್ಲಿ ಅನ್ನ ತರುತ್ತಿದ್ದದ್ದು ಆ ಬೆರಳುಗಳು.

ಕಂಬ ಹತ್ತುವ ನಾವು ನಾಲ್ಕೈದು ಜನ ಸೇರಿ ವಾಟ್ಸಾಪಿನಲ್ಲಿ ಗುಂಪು ಮಾಡಿಕೊಂಡಿದ್ದೆವು, 'ಕಂಬದ ಕಾಗೆಗಳು' ಎಂದು ಹೆಸರು. ಧಣಿಗಳು ಬಡಿದಾಡಿಕೊಂಡರೂ ಕಾಗೆಗಳು ಬಡಿದಾಡುತ್ತಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಅದರಲ್ಲಿ ನಾನೊಂದು ಆಡಿಯೋ ಹಾಕಿದೆ. ಜಯಣ್ಣನ ದನಿ. ಅವರು ಮಾತಿಗೆ ಮುಂಚೆ ಜೋಡಿ ಕೆಮ್ಮು ಕೆಮ್ಮುತ್ತಾರೆ, ಮೂಗಿನಲ್ಲಿ ಮಾತಾಡುತ್ತಾರೆ, ಬೈಗುಳವನ್ನೂ ಪುರಾಣ ಓದುವ ಹಾಗೆ ಎಳೆಯುತ್ತಾರೆ.

"ಕ್ಹೂಂ, ಕ್ಹೂಂ. ಪೂಜೆ ಒಂದ್ ಮುಗೀಲಪ್ಪಾ... ಓಂಕಾರನ ವೈರಿಗೆ ನಾನೇ ಕತ್ತರಿ ಹಾಕಿಸ್ತೀನಿ. ಅಜ್ಜಂಪುರದಾಗೆ ಒಂದ್ ಮನೇಲೂ ನೆಟ್ಟಿನ ಲೈಟು ಮಿಣುಕ್‌ಬಾರ್ದು, ಹಂಗ್ ಮಾಡ್ತೀನಿ."

ತಿಪ್ಪೇಶ ಸಾಲು ಸಾಲು ನಗುಮುಖ ಕಳಿಸಿ, "ಲೇ ಗಿಣಿ, ನಮ್ ಧಣೀಗೆ ಕೇಳ್ಸಿದ್ರೆ ಅವ್ರೇ 'ಹೌದಾ, ನಾನು ಯಾವಾಗಂದೆ?' ಅಂತ ಯೋಚ್ನೆ ಮಾಡ್ತಾರೆ ಕಣೋ" ಎಂದ.

ಯಾವ ಕಾಗೆ ಹೊತ್ತೊಯ್ದಿತೋ ತಿಳಿಯದು. ಸಂಜೆಯೊಳಗೆ ಆ ಆಡಿಯೋ ಊರೆಲ್ಲ ತಿರುಗಿ, ದಾರಿಯಲ್ಲಿ ನನ್ನ ಹೆಸರು ಉದುರಿಸಿಕೊಂಡು, ಓಂಕಾರಣ್ಣನ ಫೋನಿಗೆ ಬಂದು ಕೂತಿತ್ತು. ಅವರು ನನ್ನನ್ನೇ ಕರೆಸಿ ಕೇಳಿಸಿದರು.

"ವಿಷಯ ಏನಪ್ಪಾ ಅಂದ್ರೆ, ಇದು ಆ ತರೀಕೆರೆಯೋನ ದನಿ ತಾನೇ? ನೀನು ದನಿ ತಿಳ್ದೋನು. ಸರಿಯಾಗ್ ಕೇಳಿ ಹೇಳು."

ಅಲ್ಲೇ 'ಅಣ್ಣಾ, ಅದು ನಾನು' ಎಂದಿದ್ದರೆ ಒಂದು ಕಪಾಳಮೋಕ್ಷದಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಒಳಗಿಂದ ಹೆಮ್ಮೆ ಹಾಲಿನ ಹಾಗೆ ಉಕ್ಕಿ ಬಂತು. ದಿನಾ ನನ್ನ ಮಾತು ಕೇಳುವ ಮನುಷ್ಯನೇ ಮೋಸ ಹೋಗಿದ್ದಾನೆ ಎಂದರೆ ನಾನೆಂಥ ಕಲಾವಿದ! ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ವೀಣೆಯ ಶ್ರುತಿ ನೋಡುವವನ ಹಾಗೆ ಇನ್ನೊಂದು ಸಲ ಕೇಳಿದೆ.

"ಅವ್ರದ್ದೇ ಅಣ್ಣಾ," ಎಂದೆ. "ಕೆಮ್ಮು ಕೂಡ ಅವ್ರದ್ದೇ."

ಪಕ್ಕದಲ್ಲಿ ಸ್ಕ್ರೂಡ್ರೈವರಿನಿಂದ ಉಗುರು ಕೆರೆದುಕೊಳ್ಳುತ್ತಿದ್ದ ಶಿವು ತಲೆಯೆತ್ತದೆ, "ನೀವು ಹೂಂ ಅನ್ನಿ ಭಾವ, ಸಾಕು" ಎಂದ.

ಮಾರನೇ ದಿನ ಪೂಜೆ. ಆಫೀಸಿನ ಒಂದೊಂದು ಯಂತ್ರದ ವೈರನ್ನೂ ಬಿಚ್ಚಿ, ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ ಮತ್ತೆ ಜೋಡಿಸಿದೆವು. ಏಣಿಗೆ ಬಾಳೆಕಂದು ಕಟ್ಟಿದೆವು. ಬೂದುಗುಂಬಳ ಒಡೆದೆವು. ಶಿವು ಮಚ್ಚಿಗೂ ಕುಂಕುಮ ಇಟ್ಟ. ಊರಿನ ಮನೆಮನೆಯಲ್ಲೂ ಅದೇ. ನೆಟ್ಟಿನ ಡಬ್ಬಿಗಳೆಲ್ಲ ವೈರು ಬಿಚ್ಚಿಸಿಕೊಂಡು, ಮುತ್ತೈದೆಯರ ಹಾಗೆ ಅಲಂಕಾರವಾಗಿ ಕೂತವು.

ಅದರ ಮಾರನೇ ಬೆಳಿಗ್ಗೆ ಊರಿನ ನೆಟ್ಟು ಸತ್ತಿತ್ತು.

ಜಿಟಿಜಿಟಿ ಮಳೆಯಲ್ಲೇ ಜನ ಆಫೀಸಿನ ಮುಂದೆ ಸೇರಿದರು. ಈರುಳ್ಳಿ ಕಿತ್ತು ರಾಶಿ ಹಾಕಿದವರಿಗೆ ಬೆಂಗಳೂರಿನ ರೇಟು ಬೇಕು. ಬೇಕರಿಯವನಿಗೆ ಫೋನಿಗೆ ಬರುವ ದುಡ್ಡು ಬರುತ್ತಿಲ್ಲ. ಒಬ್ಬ ಹೆಂಗಸು ಮಗಳ ಆನ್‌ಲೈನ್ ಪರೀಕ್ಷೆ ಕೈತಪ್ಪಿತೆಂದು ಕೂಗುತ್ತಾ ಚಪ್ಪಲಿ ಬಿಚ್ಚಿ ನನ್ನ ಭುಜಕ್ಕೆ ಬಾರಿಸಿದಳು. ಯಾರೋ ಎಸೆದ ಕಲ್ಲಿಗೆ ಕಿಟಕಿ ಗಾಜು ಪುಡಿಯಾಯಿತು. ಆಗ ಓಂಕಾರಣ್ಣ ಮೆಟ್ಟಿಲ ಮೇಲೆ ನಿಂತು, ಪೂಜೆಗೆ ತಂದಿದ್ದ ದೊಡ್ಡ ಸ್ಪೀಕರಿಗೆ ಫೋನು ಸಿಕ್ಕಿಸಿ, "ಕೇಳ್ರಪ್ಪಾ, ಯಾರು ಕೊಯ್ಸಿದ್ದು ಅಂತ ನೀವೇ ಕೇಳ್ರಿ" ಎಂದರು.

ಕ್ಹೂಂ, ಕ್ಹೂಂ. ನನ್ನ ಕೆಮ್ಮು ಬಸ್ ಸ್ಟ್ಯಾಂಡಿನವರೆಗೂ ಮೊಳಗಿತು. ನನ್ನ ಕಲೆಗೆ ಅಷ್ಟು ದೊಡ್ಡ ಸಭೆ ಸಿಕ್ಕಿದ್ದು ಅದೇ ಮೊದಲು. ಸಭೆ ಕೇಳಿ ಮುಗಿಸಿ ಚಪ್ಪಾಳೆ ಹೊಡೆಯಲಿಲ್ಲ, ದೊಣ್ಣೆ ಹುಡುಕಿತು.

ರೈಲ್ವೆ ಗೇಟಿನ ಹತ್ತಿರದ ಕಂಬದ ಮೇಲೆ ತಿಪ್ಪೇಶನಿದ್ದ. ತನ್ನ ಧಣಿಯ ವೈರಿಗೆ ಉಜ್ಜುತ್ತಿದ್ದ ಮರದ ಕೊಂಬೆ ಕತ್ತರಿಸಲು ಹತ್ತಿದ್ದ. ಕೈಯಲ್ಲಿ ಕಟ್ಟರಿತ್ತು. ಜನಕ್ಕೆ ಅಷ್ಟು ಸಾಕಾಯಿತು. ಶಿವು ಏಣಿಗೆ ಒದ್ದ. ತಿಪ್ಪೇಶ ಒಂದು ಗಳಿಗೆ ವೈರು ಹಿಡಿದು ಜೋತಾಡಿದ, ಆಮೇಲೆ ಕೆಸರಿಗೆ ಅಂಗಾತ ಬಿದ್ದ. ಎದ್ದು ಕೂರುವಷ್ಟರಲ್ಲಿ ಕಾಲು, ಕೈ, ದೊಣ್ಣೆ, ಛತ್ರಿಯ ಹಿಡಿ ಎಲ್ಲ ಅವನ ಮೇಲೆ ಬಿದ್ದವು. ನಾಯಿ ತಪ್ಪಿಸಿಕೊಳ್ಳುವ ಹಾಗೆ ಅವನು ಬೇರೆಯವರ ಕಾಲುಗಳ ಮಧ್ಯೆ ತೆವಳಿದ. ಆಗಲೂ ಎರಡು ಕೈಯನ್ನೂ ಹೊಟ್ಟೆಯ ಕೆಳಗೆ ಮುಚ್ಚಿಟ್ಟುಕೊಂಡಿದ್ದ. ತಲೆಗೆ ಬೀಳುವುದು ಬೀಳಲಿ ಎಂದು ಬೆರಳು ಕಾಪಾಡುತ್ತಿದ್ದ. ಶಿವು ಕಾಲರ್ ಹಿಡಿದು ಅವನನ್ನು ಆಫೀಸಿನ ಹಿಂದಿನ ಈರುಳ್ಳಿ ಶೆಡ್ಡಿಗೆ ಎಳೆದುಕೊಂಡು ಹೋದ.

ಹಿಂದೆಯೇ ನಾನೂ ಓಡಿದೆ. ಓಂಕಾರಣ್ಣ ಚೀಲದ ಮೇಲೆ ಕೂತಿದ್ದರು. ಶಿವು ತಿಪ್ಪೇಶನ ಬಲಗೈಯನ್ನು ತಕ್ಕಡಿಯ ಕಬ್ಬಿಣದ ಹಲಗೆಯ ಮೇಲೆ ಒತ್ತಿ ಹಿಡಿದಿದ್ದ.

"ವೈರು ಎಲ್ಲಿ ಕೊಯ್ದೆ ಅಂತ ಹೇಳೋವರ್ಗೂ ಒಂದೊಂದೇ ಬೆರಳು," ಎಂದ ಶಿವು. "ಅವಸರ ಇಲ್ಲ."

"ನಾನು ಮುಟ್ಟಿಲ್ಲ ಕಣಣ್ಣಾ," ಎಂದ ತಿಪ್ಪೇಶ. ತುಟಿ ಒಡೆದು ಮಾತು ತೊದಲುತ್ತಿತ್ತು.

"ಅಣ್ಣಾ, ಆ ದನಿ ನಂದು!" ಎಂದು ನಾನು ಕೂಗಿದೆ. "ಜಯಣ್ಣ ಅಲ್ಲ, ನಾನು. ತಮಾಷೆಗೆ ಮಾಡಿದ್ದು."

"ಹಂಗಾದ್ರೆ ಮಾಡು," ಎಂದರು ಓಂಕಾರಣ್ಣ.

ಮಾಡಲು ಹೋದೆ. ಭಯಕ್ಕೆ ಬಾಯಿ ಒಣಗಿ ಹಪ್ಪಳವಾಗಿತ್ತು. ಜಯಣ್ಣ ಬರಲಿಲ್ಲ, ಆಡು ಬಂತು. ಶಿವುವಿನ ಜೊತೆಯವರು ಗೊಳ್ಳೆಂದು ನಕ್ಕರು. ಓಂಕಾರಣ್ಣ ಎದ್ದು ಬಂದು ನನ್ನ ಕೆನ್ನೆಗೆ ಬಿಗಿದರು.

"ಸ್ನೇಹಿತ ಅಂತ ಸುಳ್ಳು ಬೇರೆ ಹೇಳ್ತೀಯೇನೋ? ಕೆಮ್ಮು ಕೂಡ ಅವ್ರದ್ದೇ ಅಂದೋನು ನೀನೇ ತಾನೇ? ವಿಷಯ ಏನಪ್ಪಾ ಅಂದ್ರೆ, ಕೊಯ್ದಿರೋ ಜಾಗ ಇವನ ಬಾಯಿಂದ ಬರ್ಬೇಕು, ಇಲ್ಲಾ ನಿನ್ನ ಡಬ್ಬದಿಂದ ಬರ್ಬೇಕು. ಹೋಗ್ ಹುಡುಕು."

ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಸಣ್ಣ ಸದ್ದು, ಒಣಗಿದ ತೊಗರಿಕಡ್ಡಿ ಲಟ್ಟೆಂದಂತೆ. ಆಮೇಲೆ ತಿಪ್ಪೇಶನ ಕೂಗು.

ಆಫೀಸಿಗೆ ಬಂದರೆ ಅಲ್ಲೂ ಯುದ್ಧ. ತಮ್ಮ ಆಳನ್ನು ಹಿಡಿದ ಸುದ್ದಿ ಮುಟ್ಟಿ, ಊರಲ್ಲಿದ್ದ ಜಯಣ್ಣನ ಕಡೆಯವರು ಒಂದು ಟೆಂಪೋ ತುಂಬ ಬಂದಿಳಿದಿದ್ದರು. ನಮ್ಮ ವೈರಿನ ಡ್ರಮ್ಮಿಗೆ ಪೆಟ್ರೋಲು ಸುರಿದು ಬೆಂಕಿ ಹಾಕಿದರು. ಕಪ್ಪು ಹೊಗೆ, ಪಕ್ಕದ ಶೆಡ್ಡಿನ ಈರುಳ್ಳಿ ವಾಸನೆ, ಎರಡೂ ಸೇರಿ ಕಣ್ಣು ಉರಿಯಿತು. ಒಬ್ಬ ನನ್ನನ್ನು ಹಿಡಿದು, "ತಿಪ್ಪೇಶ ಎಲ್ಲೋ?" ಎಂದ. ಹೇಳುವ ಮೊದಲೇ ಸ್ಪ್ಯಾನರಿನಿಂದ ಬಾಯಿಗೆ ಕೊಟ್ಟ. ಮುಂದಿನ ಹಲ್ಲು ಅರ್ಧ ಮುರಿದು ನಾಲಿಗೆ ಮೇಲೆ ಬಿತ್ತು. ಉಗುಳಿ, "ಶೆಡ್ಡಿನಲ್ಲವ್ನೆ" ಎಂದೆ. ಅವರು ಅತ್ತ ನುಗ್ಗಿದರು. ಶೆಡ್ಡಿನ ಮುಂದೆ ದೊಣ್ಣೆಗೆ ದೊಣ್ಣೆ ತಗುಲಿತು. ತಗಡಿನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಹೊರಗೆ ಒಂದು ಯುದ್ಧ, ಒಳಗೆ ಒಂದು ಕೈ.

ನಾನು ಮೇಜಿನ ಕೆಳಗೆ ತೂರಿ ಲ್ಯಾಪ್‌ಟಾಪು ತೆರೆದೆ. ಬಾಯಿಂದ ರಕ್ತ ಕೀಲಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಟ್ರೇಸರ್ಟ್ ಹೊಡೆದೆ. ಬೀರೂರು ದಾಟಿತು, ಬೆಂಗಳೂರು ಮುಟ್ಟಿತು. ಹೊರಗಿನ ದಾರಿಯಲ್ಲಿ ಯಾರೂ ಏನೂ ಕೊಯ್ದಿಲ್ಲ. ಹಾಗಾದರೆ ಊರೊಳಗೆ? ಆಗ ಒಡೆದ ಕಿಟಕಿಯಿಂದ ಪಕ್ಕದಂಗಡಿಯ ಟೈಲರ್ ಬಸಣ್ಣ ತಲೆ ಹಾಕಿದರು.

"ಲೇ ಗಿಣಿ, ಏನೋ ಈ ಗಲಾಟೆ? ನಮ್ಮಂಗ್ಡೀಲಿ ನೆಟ್ಟು ಚೆನ್ನಾಗೇ ಬರ್ತೈತಲ್ಲೋ."

ಬೇಕರಿಗೂ ಅವರಂಗಡಿಗೂ ಒಂದೇ ವೈರು. ಕೊಯ್ದಿದ್ದರೆ ಎರಡೂ ಸಾಯಬೇಕಿತ್ತು.

"ಬಸಣ್ಣ, ನೀವು ನಿನ್ನೆ ಪೂಜೆ ಮಾಡ್ಲಿಲ್ವಾ?"

"ಎಲ್ಲೀದೋ ಪೂಜೆ? ಸೂತಕ ಕಣೋ. ದೊಡ್ಡಪ್ಪ ಹೋಗಿ ವಾರ ಆಗಿಲ್ಲ. ಮಷೀನಿಗೂ ಕುಂಕುಮ ಇಟ್ಟಿಲ್ಲ, ಡಬ್ಬೀನೂ ಮುಟ್ಟಿಲ್ಲ."

ಸೂತಕದ ಮನೆಯಲ್ಲಿ ನೆಟ್ಟಿದೆ. ಪೂಜೆ ಮಾಡಿದ ಮನೆಗಳಲ್ಲಿಲ್ಲ. ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಅದು ಹೊಡೆತದ್ದೋ, ಹೊಳೆದದ್ದೋ ಗೊತ್ತಾಗಲಿಲ್ಲ. ಡಬ್ಬಿ ಬಿಚ್ಚಿ ಮತ್ತೆ ಸಿಕ್ಕಿಸಿದಾಗಲೆಲ್ಲ ಅದು ಆಫೀಸಿನ ಸರ್ವರಿನ ಮುಂದೆ ನಿಂತು ಹೊಸದಾಗಿ ಒಂದು ಮನೆ ನಂಬರು ಬೇಡುತ್ತದೆ. ನಂಬರು ಸರಿಯಿದ್ದರೆ ನೆಟ್ಟು. ಬಸಣ್ಣನ ಡಬ್ಬಿ ಬೇಡಿಲ್ಲ, ಹಳೇ ನಂಬರಿನಲ್ಲೇ ಕೂತಿದೆ. ನನ್ನ ಲ್ಯಾಪ್‌ಟಾಪಿನ ನಂಬರನ್ನು ನಾನೇ ಗಟ್ಟಿಯಾಗಿ ಬರೆದಿಟ್ಟಿದ್ದೆ. ಅದನ್ನು ಅಳಿಸಿ, ಊರವರ ಹಾಗೆ ನೀನೂ ಬೇಡು ಎಂದು ಬಿಟ್ಟೆ. ಯಾವ ನಂಬರು ಸಿಕ್ಕಿತೆಂದು ನೋಡಲು 'ಐಪಿ ಕಾನ್ಫಿಗ್' ಹೊಡೆದೆ.

ನಮ್ಮ ಸರ್ವರು ಕೊಡುವ ನಂಬರುಗಳೆಲ್ಲ ಹತ್ತರಿಂದ ಶುರುವಾಗುತ್ತವೆ. ಇದು ನೂರ ತೊಂಬತ್ತೆರಡರಿಂದ ಶುರುವಾಗಿತ್ತು. ಅಂದರೆ ಊರಲ್ಲಿ ಇನ್ಯಾವುದೋ ಡಬ್ಬಿ ತಾನೇ ಸರ್ವರೆಂದುಕೊಂಡು ಎಲ್ಲರಿಗೂ ಕಳ್ಳ ನಂಬರು ಹಂಚುತ್ತಿತ್ತು. ಹಳೇ ನಂಬರಿನವರು ಬದುಕಿದ್ದರು, ಹೊಸದಾಗಿ ಬೇಡಿದವರು ಕೆಟ್ಟಿದ್ದರು. ಡಬ್ಬಿಯ ನೀಲಿ ತೂತು ಹೊರಗಿನಿಂದ ನಂಬರು ಬೇಡಲು, ಹಳದಿ ತೂತು ಮನೆಯೊಳಗೆ ಹಂಚಲು. ಯಾರದೋ ಮನೆಯಲ್ಲಿ ಪೂಜೆ ಮುಗಿಸಿ ವೈರನ್ನು ತಪ್ಪು ತೂತಿಗೆ ಸಿಕ್ಕಿಸಿದ್ದಾರೆ, ಅಷ್ಟೇ. ಇಂಥ ಕಳ್ಳ ಹಂಚಿಕೆಗೆ ಬೀಗ ಹಾಕುವಂಥ ಒಳ್ಳೇ ಸ್ವಿಚ್ ಪೆಟ್ಟಿಗೆ ತಗೊಳ್ಳಿ ಎಂದು ಓಂಕಾರಣ್ಣನಿಗೆ ಎಷ್ಟೋ ಸಲ ಹೇಳಿದ್ದೆ. ಬಹುಶಃ ಅವರದೇ ದನಿಯಲ್ಲಿ ಹೇಳಿದ್ದರಿಂದ ಕಿವಿಗೆ ಹಾಕಿಕೊಂಡಿರಲಿಲ್ಲ.

ಕಳ್ಳ ಡಬ್ಬಿಗೆ ಬಿಡದೆ ಪಿಂಗ್ ಹಚ್ಚಿದೆ. 'ರಿಪ್ಲೈ' ಎಂದು ಸಾಲು ಮೇಲೆ ಸಾಲು ಬರತೊಡಗಿತು. ಇದ್ದೀನಿ, ಇದ್ದೀನಿ, ಇದ್ದೀನಿ. ಶೆಡ್ಡಿನಿಂದ ಮತ್ತೆ ಕೂಗು ಕೇಳಿಸಿತು. ನಾನು ಗೋಡೆಯ ಪೆಟ್ಟಿಗೆಯಲ್ಲಿ ಒಂದೊಂದು ಬೀದಿಯ ವೈರನ್ನೂ ಕೀಳುತ್ತಾ ಬಂದೆ. ಪೇಟೆ ಬೀದಿ ಕಿತ್ತೆ: ಇದ್ದೀನಿ. ಸ್ಟೇಷನ್ ರಸ್ತೆ: ಇದ್ದೀನಿ. ಕೋಟೆ ಬೀದಿ: ಇದ್ದೀನಿ. ಹೊರಗೆ ಯಾರದೋ ತಲೆ ತಗಡಿಗೆ ಬಡಿಯಿತು. ಎಲ್ಲ ಬೀದಿ ಮುಗಿದು ಒಂದೇ ಒಂದು ವೈರು ಉಳಿಯಿತು. ಅದು ಓಂಕಾರಣ್ಣನ ಮನೆಗೆಂದೇ ಎಳೆದದ್ದು. ಅದನ್ನು ಕೊನೆಗೆ ಇಟ್ಟದ್ದು ಏಕೆಂದು ಕೇಳಬೇಡಿ. ಸಂಬಳ ಕೊಡುವವರ ಮೇಲೆ ಅನುಮಾನ ಬರಲು ಸಮಯ ಹಿಡಿಯುತ್ತದೆ.

ಕಿತ್ತೆ. 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ಬಂತು. ಉತ್ತರವೇ ಇಲ್ಲ. ಉತ್ತರ ಬಾರದೆ ಇದ್ದದ್ದಕ್ಕೆ ನಾನು ಅತ್ತದ್ದು ಅದೊಂದೇ ಸಲ.

ಲ್ಯಾಪ್‌ಟಾಪು ಎದೆಗೆ ಅವಚಿಕೊಂಡು ಹಿಂದಿನ ಗೋಡೆಯ ತಗಡು ಸರಿಸಿ ಶೆಡ್ಡಿಗೆ ನುಗ್ಗಿದೆ. ತಿಪ್ಪೇಶನ ಕೈಯಲ್ಲಿ ತೋರುಬೆರಳು, ನಡುಬೆರಳು ತಮ್ಮ ದಿಕ್ಕು ಬಿಟ್ಟು ಬೇರೆ ದಿಕ್ಕು ನೋಡುತ್ತಿದ್ದವು. ಶಿವು ಮೂರನೆಯದನ್ನು ಹಿಡಿದಿದ್ದ.

"ವೈರು ಯಾರೂ ಕೊಯ್ದಿಲ್ಲ!" ಎಂದೆ. "ಕಳ್ಳ ಡಬ್ಬಿ ನಿಮ್ಮನೇಲೇ ಐತೆ ಅಣ್ಣಾ. ನೋಡಿ ಬೇಕಾದ್ರೆ."

ಓಂಕಾರಣ್ಣ ಕಪ್ಪು ಕಿಟಕಿಯನ್ನು ನೋಡಿದರು. ಅವರ ಪಾಲಿಗೆ ಅದು ಇರುವೆ ಸಾಲು. "ಏನೋ ಇದು? ವಿಷಯ ಏನಪ್ಪಾ ಅಂದ್ರೆ, ಇದನ್ನ ನಂಬು ಅಂತೀಯಾ?"

"ಇದನ್ನ ನಂಬ್ಬೇಡಿ. ಅಕ್ಕನಿಗೆ ಫೋನ್ ಮಾಡಿ."

ಅವರು ಮಾಡಲಿಲ್ಲ. ನಾನೇ ಮಾಡಿ ಸ್ಪೀಕರಿಗೆ ಹಾಕಿದೆ. ಪುಷ್ಪಕ್ಕ, ಓಂಕಾರಣ್ಣನ ಹೆಂಡತಿ, ಶಿವುವಿನ ಸ್ವಂತ ಅಕ್ಕ, ಒಗ್ಗರಣೆಯ ಸದ್ದಿನ ಮಧ್ಯೆ ಫೋನು ಎತ್ತಿದರು.

"ಅಕ್ಕಾ, ನಿಮ್ಮನೆ ನೆಟ್ಟಿನ ಡಬ್ಬಿ ಹಿಂದೆ ನೋಡಿ. ಹೊರಗಿಂದ ಬರೋ ವೈರು ಯಾವ ತೂತಲ್ಲೈತೆ? ನೀಲೀಲೋ, ಹಳದೀಲೋ?"

"ಹಳದೀಲಿ ಕಣಪ್ಪಾ."

"ನೀಲೀಲಿ ಇರ್ಬೇಕಲ್ಲಕ್ಕಾ. ಯಾರು ಬದಲಾಯ್ಸಿದ್ದು?"

"ಇನ್ಯಾರು, ನಿಮ್ಮಣ್ಣನೇ. ಪೂಜೆ ಮಾಡಿ ವಾಪಸ್ ಸಿಕ್ಸೋವಾಗ, ಅರಿಶಿನದ ಬಣ್ಣ ಶುಭ, ಹಬ್ಬದ ದಿನ ಇದ್ರಲ್ಲೇ ಇರ್ಲಿ ಅಂದ್ರು. ಯಾಕೋ? ಅಲ್ಲಿ ಯಾರೋ ಅಳ್ತಿದ್ದಂಗೈತೆ?"

ಓಂಕಾರಣ್ಣ ಈರುಳ್ಳಿ ಚೀಲದ ಮೇಲೆ ಕುಸಿದು, "ಹಳದಿ ಶುಭ ಅಲ್ವೇನೋ?" ಎಂದು ನನ್ನನ್ನೇ ಕೇಳಿದರು. ಶಿವು ಭಾವನ ಮುಖ ನೋಡಿದ, ಕೈಯಲ್ಲಿದ್ದ ಬೆರಳನ್ನು ನೋಡಿದ. ಬಿಟ್ಟುಬಿಡುತ್ತಾನೆ ಎಂದುಕೊಂಡೆ. ಇಷ್ಟು ದೂರ ಬಂದು ಅರ್ಧಕ್ಕೆ ನಿಲ್ಲಿಸುವುದು ಅವಮಾನ ಎನಿಸಿತೋ ಏನೋ, ಅದನ್ನೂ ಮುರಿದ. ನಾನು ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಎತ್ತಿ ಅವನ ತಲೆಗೆ ಹಾಕಿದೆ. ಕಪ್ಪು ಕಿಟಕಿ ಶಾಶ್ವತವಾಗಿ ಕಪ್ಪಾಯಿತು. ಅವನು ಕುಕ್ಕರುಬಡಿದಾಗ ಒಳಗಿನ ಚಿಲಕ ತೆಗೆದೆ. ಜಯಣ್ಣನವರು ನುಗ್ಗಿ ಶಿವುವಿಗೆ ಕೊಡಬೇಕಾದ್ದನ್ನು ಕೊಟ್ಟರು, ಗಡಿಬಿಡಿಯಲ್ಲಿ ನನಗೂ ಸ್ವಲ್ಪ ಕೊಟ್ಟರು.

ತಿಪ್ಪೇಶನನ್ನು ಅವರು ಬಂದಿಳಿದ ಟೆಂಪೋದಲ್ಲೇ ಕಡೂರಿನ ಆಸ್ಪತ್ರೆಗೆ ಸಾಗಿಸಿದೆವು. ದಾರಿಯುದ್ದಕ್ಕೂ ಅವನು ಆ ಕೈಯನ್ನು ನೋಡಲಿಲ್ಲ. ಎರಡು ಬೆರಳು ಕೂಡಿದವು. ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಗಾಜಿನ ಎಳೆ ಹಿಡಿಯುವುದೇ ಆ ಬೆರಳು.

ಮಾರನೇ ದಿನ ಸಬ್‌ ಇನ್ಸ್‌ಪೆಕ್ಟರು ಹೇಳಿಕೆ ಬರೆದುಕೊಳ್ಳಲು ಬಂದರು. ಮಂಚದ ಒಂದು ಕಡೆ ಜಯಣ್ಣ, ಇನ್ನೊಂದು ಕಡೆ ಸೇಬಿನ ಚೀಲ ಹಿಡಿದ ಓಂಕಾರಣ್ಣ, ಬಾಗಿಲಲ್ಲಿ ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಶಿವು.

"ಸಾರ್, ವಿಷಯ ಏನಪ್ಪಾ ಅಂದ್ರೆ," ಎಂದು ಓಂಕಾರಣ್ಣ ಶುರು ಮಾಡಿದರು, "ಜಗಳ ತೆಗ್ದೋರು ಇವ್ರೇ. ವೈರು ಕೊಯ್ತೀನಿ ಅಂತ ಆಡಿಯೋ ಕಳ್ಸವ್ರೆ."

"ನಾನು ಕಳ್ಸಿಲ್ಲ ಸಾರ್," ಎಂದರು ಜಯಣ್ಣ.

ನಾನು ಮುಂದೆ ಬಂದೆ. ಮುರುಕು ಹಲ್ಲಿನಿಂದ ಗಾಳಿ ಸೋರುತ್ತಿದ್ದರೂ ಅವತ್ತು ಗಂಟಲು ಕೈಕೊಡಲಿಲ್ಲ. ಜಯಣ್ಣನ ಎದುರಿಗೇ ನಿಂತು ಕೆಮ್ಮಿನಿಂದ ಕತ್ತರಿಯವರೆಗೂ ಪೂರ್ತಿ ಒಪ್ಪಿಸಿದೆ. ಮುಗಿದ ಮೇಲೆ ಜಯಣ್ಣ ತಮಗೇ ತಿಳಿಯದೆ ಕ್ಹೂಂ, ಕ್ಹೂಂ ಎಂದರು. ನರ್ಸ್ ನಗು ತಡೆಯಲಾರದೆ ಆಚೆ ಹೋದಳು. ಸಬ್‌ ಇನ್ಸ್‌ಪೆಕ್ಟರು ನನ್ನನ್ನೊಮ್ಮೆ ಅವರನ್ನೊಮ್ಮೆ ನೋಡಿ, "ಇನ್ನೊಂದ್ಸಲ ಈ ವಿದ್ಯೆ ತೋರ್ಸಿದ್ರೆ ಒಳಗ್ ಹಾಕಿ, ಅಲ್ಲಿ ಸೊಳ್ಳೆ ದನಿ ಕಲಿಯೋ ಹಂಗೆ ಮಾಡ್ತೀನಿ" ಎಂದರು.

ಓಂಕಾರಣ್ಣನಿಗೆ ಉಳಿದದ್ದು ಒಂದೇ ದಾರಿ. ಸೇಬಿನ ಚೀಲವನ್ನು ತಿಪ್ಪೇಶನ ಎಡಗೈಯ ಹತ್ತಿರ ಸರಿಸಿ, "ಹೊಡೆದೋರು ಯಾರೂ ಇಲ್ಲ ಸಾರ್. ಕಂಬದಿಂದ ಬಿದ್ದ ಪಾಪ. ನಾಳೆಯಿಂದ ನಮ್ಮಲ್ಲೇ ಕೆಲ್ಸಕ್ಕೆ ಬರ್ತಾನೆ. ಅವನನ್ನೇ ಕೇಳಿ" ಎಂದರು. ಬಾಗಿಲಲ್ಲಿದ್ದ ಶಿವು ಮೀಸೆ ಮೇಲೆ ಬೆರಳಾಡಿಸುತ್ತಾ ತಿಪ್ಪೇಶನನ್ನು ದಿಟ್ಟಿಸಿದ. ಶಿವು ಜೈಲಿನ ಅನ್ನ ಉಂಡದ್ದು, ಓಂಕಾರಣ್ಣ ಕಂಬಗಳನ್ನೆಲ್ಲ ಬಿಟ್ಟು ಈರುಳ್ಳಿ ವ್ಯಾಪಾರ ಹಿಡಿದದ್ದು, ಅಜ್ಜಂಪುರದಲ್ಲಿ ಮತ್ತೆ ಯಾರೂ ಯಾರ ವೈರಿಗೂ ಮಚ್ಚು ಎತ್ತದಿದ್ದದ್ದು, ಎಲ್ಲ ಮುಂದಿನ ಒಂದು ಉತ್ತರದಿಂದಲೇ.

"ಏನಪ್ಪಾ, ಕಂಬದಿಂದ ಬಿದ್ದದ್ದು ನಿಜವಾ?" ಎಂದು ಸಬ್‌ ಇನ್ಸ್‌ಪೆಕ್ಟರು ಕೇಳಿದರು.

ಮಾತು ಕಡಿಮೆಯ ತಿಪ್ಪೇಶ ಒಡೆದ ತುಟಿ ಬಿಚ್ಚಿದ:

"ಹೌದು ಸಾರ್, ಕಂಬದಿಂದ್ಲೇ ಬಿದ್ದೆ. ಬಿದ್ಮೇಲೆ ಆ ಕಂಬ ನನ್ನ ಕಾಲರ್ ಹಿಡ್ದು ಶೆಡ್ಡಿಗೆ ಎಳ್ಕೊಂಡ್ ಹೋಗಿ, ಒಂದೊಂದಾಗಿ ಮೂರು ಬೆರಳು ಮುರೀತು. ಅಗೋ ಬಾಗ್ಲಲ್ಲಿ ನಿಂತೈತೆ ನೋಡಿ, ಮೀಸೆ ತಿರುವ್ಕೊಂಡು. ಹೆಸ್ರು ಶಿವು. ಬರ್ಕೊಳ್ಳಿ."